ಸಹಾಯ ಬೇಕು: ಮಂಗನ ಕಾಯಿಲೆ ಅಧ್ಯಯನದ ಅಬ್‌ಸ್ಟ್ರಾಕ್ಟ್

ಎಲ್ಲರಿಗೂ ನಮಸ್ಕಾರ. ನಾನು ಕಮ್ಯುನಿಟಿ ಮೆಡಿಸಿನ್ ಪಿಜಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ನನ್ನ ಥೀಸಿಸ್ ವಿಷಯ. ದರಕು (ಉದುರಿದ ಒಣ ಎಲೆ), ಸೌದೆಗೆಂದು ಕಾಡಿಗೆ ಹೋಗುವವರು ಈ ಕಾಯಿಲೆ ಹರಡುವ ಉಣ್ಣೆ ಕಚ್ಚದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಳ್ಳುತ್ತಾರೋ ಇಲ್ಲವೋ, ಇಲ್ಲವಾದರೆ ಯಾಕೆ ಎಂದು ಮನೆಮನೆಗೆ ಹೋಗಿ ಕೇಳಿದ್ದೇನೆ. ಮಲೆನಾಡಿನ ಈ ಮಾತುಗಳು ಹೊರಗಿನವರಿಗೂ ಕೇಳಿಸಲೇಬೇಕು.

ಅಮೆರಿಕನ್ ಸೊಸೈಟಿ ಆಫ್ ಟ್ರಾಪಿಕಲ್ ಮೆಡಿಸಿನ್ ಅಂಡ್ ಹೈಜೀನ್ ಸಮ್ಮೇಳನಕ್ಕೆ ಅಧ್ಯಯನದ ಸಾರಾಂಶ, ಅಂದರೆ ಅಬ್‌ಸ್ಟ್ರಾಕ್ಟ್ ಕಳಿಸುವವಳಿದ್ದೇನೆ. ಟ್ರಾವೆಲ್ ಅವಾರ್ಡ್ (ಪ್ರಯಾಣದ ಖರ್ಚಿಗೆ ನೆರವು) ಸಿಗದಿದ್ದರೆ ನನಗೆ ಅಲ್ಲಿಗೆ ಹೋಗಲು ಸಾಧ್ಯವಿಲ್ಲ. ಅದಕ್ಕೆ ಅರ್ಜಿ ಹಾಕಿದವರು ಯಾರಾದರೂ ಇದ್ದೀರಾ? ಗೈಡ್ ಪತ್ರದಲ್ಲಿ ಏನೇನು ಬರೆಸಿದಿರಿ? ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರಯಾಣ ನೆರವಿಗೂ ಜೊತೆಯಲ್ಲೇ ಅರ್ಜಿ ಹಾಕಬಹುದಾ?

ಇನ್ನೊಂದು, ಫಲಿತಾಂಶದ ಭಾಗ ತುಂಬಾ ಉದ್ದವಾಗಿದೆ. ಜನ ಹೇಳಿದ ಕಾರಣಗಳನ್ನು ಬಿಡಲು ಮನಸ್ಸಿಲ್ಲ, ಅಂಕಿಅಂಶ ಬಿಟ್ಟರೆ ತೀರ್ಪುಗಾರರು ಒಪ್ಪಲಿಕ್ಕಿಲ್ಲ. ಅನುಭವವಿರುವ ಸರ್, ಮೇಡಂ ಯಾರಾದರೂ ಒಮ್ಮೆ ಓದಿ ಎಲ್ಲಿ ಕತ್ತರಿಸಬೇಕೆಂದು ಹೇಳಿದರೆ ದೊಡ್ಡ ಉಪಕಾರ. ಮೆಸೇಜ್ ಮಾಡಿದರೆ ಡ್ರಾಫ್ಟ್ ಕಳಿಸುತ್ತೇನೆ.