ಹ್ಯಾಮ್‌ಸ್ಯಾಟ್ ಮೌನವಾಗಿರುವಾಗ ಆಸ್ಕರ್-7 ಕೇಳಿಸುವುದು ಹೇಗೆ?

ಪ್ರಶ್ನೆ (ಬಾಗಲಕೋಟೆ):
ನವನಗರದ ನಮ್ಮ ಮನೆಯ ಮಾಳಿಗೆಯಲ್ಲಿ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರೇಡಿಯೊ ಗ್ರಾಹಕ) ಮತ್ತು ವಿ ಆಕಾರದ ಆಂಟೆನಾ ಇಟ್ಟುಕೊಂಡು ಆಲಿಸುತ್ತಿದ್ದಾಗ, 1974ರ ನವೆಂಬರ್ 15ರಂದು ಉಡಾಯಿಸಿದ ಹವ್ಯಾಸಿ ರೇಡಿಯೊ ಉಪಗ್ರಹ ಆಸ್ಕರ್-7ರ ದನಿ 145.95 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕ್ಷೀಣವಾಗಿ ಕೇಳಿಸಿತು. ಅದರ ಬ್ಯಾಟರಿ 1981ರಲ್ಲೇ ಕೆಟ್ಟಿತೆಂದು ಓದಿದ್ದೇನೆ. 2005ರಲ್ಲಿ ಕಾರ್ಟೊಸ್ಯಾಟ್-1 ಉಪಗ್ರಹದ ಜೊತೆಗೆ ಹೋದ, ನಮ್ಮ ದೇಶದ 42.5 ಕಿಲೋಗ್ರಾಂ ತೂಕದ ಹವ್ಯಾಸಿ ರೇಡಿಯೊ ಉಪಗ್ರಹ ಹ್ಯಾಮ್‌ಸ್ಯಾಟ್ ಕೂಡ 2014ರಲ್ಲಿ ಬ್ಯಾಟರಿ ಕೆಟ್ಟೇ ನಿಂತಿತು. ರೋಗ ಒಂದೇ ಆದರೂ ಆಸ್ಕರ್-7 ಎದ್ದು ಕುಳಿತದ್ದು ಹೇಗೆ?

ಉತ್ತರ (ವಿಜಯಪುರ):
ಬ್ಯಾಟರಿ ಕೆಡುವುದರಲ್ಲಿಯೂ ಬಗೆಗಳಿವೆ. ಆಸ್ಕರ್-7ರ ನಿಕಲ್-ಕ್ಯಾಡ್ಮಿಯಂ ಕೋಶಗಳು 1981ರಲ್ಲಿ ಶಾರ್ಟ್ ಆದ ಕಾರಣ, ಸೌರಫಲಕ ಕೊಟ್ಟ ವಿದ್ಯುತ್ತೆಲ್ಲ ಒಡ್ಡು ಒಡೆದ ಕಾಲುವೆಯ ನೀರಿನಂತೆ ಅಲ್ಲಿಯೇ ಸೋರಿಹೋಗುತ್ತಿತ್ತು. ಇಪ್ಪತ್ತೊಂದು ವರ್ಷಗಳ ಬಳಿಕ ಆ ಶಾರ್ಟ್ ತಾನಾಗಿಯೇ ಬಿಟ್ಟುಕೊಂಡು ಬ್ಯಾಟರಿ ಸರ್ಕಿಟ್‌ನಿಂದ ಕಡಿದುಹೋದಂತಾಯಿತೆಂದು ತಿಳಿಯಲಾಗಿದೆ. 2002ರ ಜೂನ್‌ನಲ್ಲಿ ಅದರ ದನಿ ಮತ್ತೆ ಕೇಳಿಸಿತು. ಈಗ ಅದು ಬ್ಯಾಟರಿ ಇಲ್ಲದ ಹೊಲದ ಸೋಲಾರ್ ಪಂಪ್‌ಸೆಟ್ಟಿನ ಹಾಗೆ, ಬಿಸಿಲಿದ್ದಷ್ಟು ಹೊತ್ತು ಮಾತ್ರ ದುಡಿಯುತ್ತದೆ. ಕೆಟ್ಟ ಬ್ಯಾಟರಿ ಹೀಗೆ ದಾರಿ ಬಿಟ್ಟುಕೊಡುವುದು ಅಪರೂಪವಾದ್ದರಿಂದ, ಹ್ಯಾಮ್‌ಸ್ಯಾಟ್‌ನಿಂದ ಅದನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಒಂಬತ್ತು ವರ್ಷ ದುಡಿದದ್ದೇ ಅದರ ದೊಡ್ಡಸ್ತಿಕೆ.

ಉತ್ತರ (ಬೆಳಗಾವಿ):
ಮೇಲಿನ ಮಾತಿಗೆ ಒಂದು ಸೇರ್ಪಡೆ. ಭೂಮಿಯ ನೆರಳಿಗೆ ಹೋದಾಗಲೆಲ್ಲ ಆಸ್ಕರ್-7 ಪೂರ್ತಿ ಆರಿಹೋಗಿ, ಬಿಸಿಲಿಗೆ ಬಂದೊಡನೆ ಮೊದಲಿನಿಂದ ಶುರುವಾಗುತ್ತದೆ. ಆಗ ಅದರ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ (ನೆಲದಿಂದ ಬಂದ ದನಿಯನ್ನು ಬೇರೆ ತರಂಗಾಂತರದಲ್ಲಿ ಮರಳಿ ಕಳುಹಿಸುವ ಸಾಧನಗಳು) ಯಾವುದು ಹೊತ್ತಿಕೊಳ್ಳುವುದೋ ಹೇಳಲಾಗದು. ಆದುದರಿಂದ ಒಂದು ದಿನ 145ರಲ್ಲಿ ಕೇಳಿಸದಿದ್ದರೆ ಸತ್ತಿತೆಂದು ಬಗೆಯದೆ 29.4ರಿಂದ 29.5 ಮೆಗಾಹರ್ಟ್ಸ್ ನಡುವೆಯೂ ಹುಡುಕಬೇಕು. ಮುಂದೆ ಲೈಸೆನ್ಸ್ ಪಡೆದು ಅದರ ಮೂಲಕ ಮಾತನಾಡುವುದಾದರೆ ಕಡಿಮೆ ಪವರ್ ಬಳಸಿರಿ. ಆಸರೆಗೆ ಬ್ಯಾಟರಿ ಇಲ್ಲದ ಕಾರಣ, ಒಬ್ಬರು ಜೋರಾಗಿ ಕಳುಹಿಸಿದರೆ ಉಪಗ್ರಹದ ವೋಲ್ಟೇಜ್ ಕುಸಿದು ಎಲ್ಲರ ದನಿಯೂ ನಡುಗುತ್ತದೆ. ಇದನ್ನು ತಿಳಿದೂ ಪವರ್ ಏರಿಸುವವರು ಇದ್ದಾರೆ, ಏನು ಮಾಡುವುದು!

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಮೊನ್ನೆ ಎರಡು ಸಲ ಏನೂ ಕೇಳಿಸದಿದ್ದಾಗ ಆಂಟೆನಾವನ್ನು ಸುಮ್ಮನೆ ದೂರಿ ಬಿಚ್ಚಿಟ್ಟಿದ್ದೆ. 29 ಮೆಗಾಹರ್ಟ್ಸ್‌ಗೆ ಆಂಟೆನಾದ ಪ್ರತಿ ತೋಳೂ ಸುಮಾರು ಎರಡೂವರೆ ಮೀಟರ್ ಬೇಕಾಗುವುದರಿಂದ, ಬಟ್ಟೆ ಒಣಹಾಕುವ ತಂತಿಯ ಪಕ್ಕದಲ್ಲೇ ಇನ್ನೊಂದು ತಂತಿ ಎಳೆಯಲು ಮನೆಯವರ ಒಪ್ಪಿಗೆ ಕೇಳಬೇಕಾಗಿದೆ.