ಇಬ್ಬರ ಹೆಸರಿನ ಫ್ಲಾಟು, ಇಬ್ಬರ ಹೆಸರಿನ ಸಾಲ: ಡಿವೋರ್ಸ್ ಮುಂಚೆ ಯಾವ ಕೆಲಸ ಮುಗಿಸಬೇಕು?

ಮಲೆನಾಡ ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನಗೆ 38 ವರ್ಷ. ಊರು ತೀರ್ಥಹಳ್ಳಿ ಹತ್ತಿರ, ಕೆಲಸ ಬೆಂಗಳೂರಲ್ಲಿ. 2018ರಲ್ಲಿ ನಾನೂ ನನ್ನ ಗಂಡನೂ ಸೇರಿ ಉತ್ತರಹಳ್ಳಿಯಲ್ಲಿ ಎರಡು ರೂಮಿನ ಫ್ಲಾಟು ತೆಗೆದುಕೊಂಡೆವು. 62 ಲಕ್ಷ. ಅದರಲ್ಲಿ 48 ಲಕ್ಷ ಬ್ಯಾಂಕ್ ಸಾಲ, 20 ವರ್ಷಕ್ಕೆ. ಉಳಿದ 14 ಲಕ್ಷದಲ್ಲಿ 6 ಲಕ್ಷ ನನ್ನ ಅಪ್ಪ ಆ ವರ್ಷದ ಅಡಿಕೆ ಮಾರಿ ಕೊಟ್ಟಿದ್ದು, 3 ಲಕ್ಷ ನನ್ನ ಪಿಎಫ್, 5 ಲಕ್ಷ ಅವರದು. ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇದೆ. ಯಾರಿಗೆ ಎಷ್ಟು ಪಾಲು ಅಂತ ಬರೆದಿಲ್ಲ. ಆಗ ಅದನ್ನೆಲ್ಲ ಯಾರು ಯೋಚನೆ ಮಾಡುತ್ತಾರೆ?

ನಾವು ಬೇರೆಯಾಗಿ ಎರಡು ವರ್ಷ ಆಯಿತು. ಇಬ್ಬರೂ ಒಪ್ಪಿಯೇ ಅರ್ಜಿ ಹಾಕಿದ್ದೇವೆ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಮಧ್ಯಸ್ಥಿಕೆ ಮುಗಿದು ರಾಜಿ ಪತ್ರ ಆಗಿದೆ. ಫ್ಲಾಟು ನನಗೆ, ಉಳಿದ ಸಾಲವೂ ನನಗೆ. ಅವರಿಗೆ ನಾನು 12 ಲಕ್ಷ ಕೊಡಬೇಕು. 5 ಲಕ್ಷ ಕೊಟ್ಟಾಗಿದೆ. ಉಳಿದ 7 ಲಕ್ಷ ಕೊನೆಯ ವಿಚಾರಣೆಯ ದಿನ ಕೊಡಬೇಕು. ಅದಕ್ಕೆ ಇನ್ನು ಎರಡೂವರೆ ತಿಂಗಳು ಇದೆ.

ಈಗ ಸಾಲದಲ್ಲಿ ಬಾಕಿ 39 ಲಕ್ಷ ಇದೆ. ಕಂತು 41,650. ನನ್ನ ಕೈಗೆ ಬರುವ ಸಂಬಳ 78 ಸಾವಿರ. ಕಂತು ಹೋಗುವುದು ಅವರ ಖಾತೆಯಿಂದ. ನಾನು ಪ್ರತಿ ತಿಂಗಳು 3ನೇ ತಾರೀಕು ಅವರಿಗೆ ದುಡ್ಡು ಹಾಕುತ್ತೇನೆ. ಹೋದ ಏಪ್ರಿಲ್‌ನಲ್ಲಿ ನಾನು ಹಾಕಿದ್ದು ಬೇರೆ ಯಾವುದಕ್ಕೋ ಕಟ್ ಆಗಿ ಕಂತು ಬೌನ್ಸ್ ಆಯಿತು. ಇಬ್ಬರ ಸಿಬಿಲ್ ಸ್ಕೋರೂ (ಸಾಲ ಸರಿಯಾಗಿ ಕಟ್ಟುತ್ತೇವಾ ಅಂತ ಬ್ಯಾಂಕುಗಳು ನೋಡುವ ಅಂಕ) ಇಳಿಯಿತು. ಅವತ್ತಿಂದ ನನಗೆ ಸರಿಯಾಗಿ ನಿದ್ದೆ ಬರುತ್ತಿಲ್ಲ.

ವಕೀಲರು "ಡಿಕ್ರಿ (ಡಿವೋರ್ಸ್ ಕೊಡುವ ಕೋರ್ಟಿನ ಕೊನೆಯ ಆದೇಶ) ಆಗಲಿ, ಅದನ್ನು ಬ್ಯಾಂಕಿಗೆ ತೋರಿಸಿದರೆ ಆಯಿತು" ಅಂತಾರೆ. ಬ್ಯಾಂಕಿನವರು "ಡಿಕ್ರಿ ನಿಮ್ಮಿಬ್ಬರ ವಿಚಾರ, ನಮಗೆ ಸಾಲಗಾರರು ನೀವಿಬ್ಬರೂ" ಅಂತಾರೆ. ಯಾರ ಮಾತು ಸರಿ? ಮೊದಲು ಏನು ಮಾಡಬೇಕು: ಬ್ಯಾಂಕಾ, ರಿಜಿಸ್ಟ್ರೇಷನ್ನಾ, ಡಿಕ್ರಿಯಾ? ಮಗಳು ನಾಲ್ಕನೇ ಕ್ಲಾಸು. ಸ್ಕೂಲಿಗೆ ನಡೆದುಕೊಂಡೇ ಹೋಗುತ್ತಾಳೆ. ಈ ಮನೆ ಬಿಡುವ ಹಾಗಿಲ್ಲ.

ಪುಟ್ಟಿಯ ಅಮ್ಮ:

ಅಕ್ಕಾ, ಮೊದಲು ಧೈರ್ಯ ತಗೊಳ್ಳಿ. ನಾನು ಮೂರು ವರ್ಷದ ಹಿಂದೆ ಇದೇ ಜಾಗದಲ್ಲಿದ್ದೆ. ನಾವು ಮಾರಿಬಿಟ್ಟೆವು. ಕೊಂಡವರ ಬ್ಯಾಂಕೇ ನಮ್ಮ ಸಾಲ ತೀರಿಸಿತು, ಉಳಿದದ್ದನ್ನು ಹಂಚಿಕೊಂಡೆವು. ಬೆಲೆ 50 ಲಕ್ಷ ದಾಟಿದ್ದರಿಂದ ಕೊಂಡವರು ಶೇ. 1 ಟಿಡಿಎಸ್ (ಮೊದಲೇ ಹಿಡಿಯುವ ಆದಾಯ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಿದರು. ಮಾರಿದ್ದರಿಂದ ನನಗೆ ನೆಮ್ಮದಿ ಸಿಕ್ಕಿತು. ನಿಮಗೆ ಮಗಳ ಸ್ಕೂಲು ಇದೆ, ಮಾರಿ ಅಂತ ನಾನು ಹೇಳುವುದಿಲ್ಲ.

ಒಂದೇ ಒಂದು ಮಾತು. ಸಾಲದ ಜೊತೆ ಇನ್ಶೂರೆನ್ಸ್ ಮಾಡಿಸಿದ್ದರಾ ನೋಡಿ. ನಮ್ಮದರಲ್ಲಿ ಪಾಲಿಸಿ ನನ್ನ ಗಂಡನೊಬ್ಬರ ಮೇಲೆ ಮಾತ್ರ ಇತ್ತು. ನಾನೇ ಕಂತು ಕಟ್ಟುತ್ತಿದ್ದ ಒಂದು ವರ್ಷ ನನಗೆ ಏನಾದರೂ ಆಗಿದ್ದರೆ ಪಾಲಿಸಿಯಿಂದ ಏನೂ ಬರುತ್ತಿರಲಿಲ್ಲ, ಸಾಲ ಹಾಗೇ ಉಳಿಯುತ್ತಿತ್ತು.

ದಾರಿಹೋಕ, ಮೈಸೂರು:

ಮೇಡಂ, ನಾನು ನಿಮ್ಮ ಗಂಡನ ಜಾಗದಲ್ಲಿದ್ದವನು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ವಿಜಯನಗರದಲ್ಲಿ ಮನೆ. ಡಿವೋರ್ಸ್ ಸಮಯದಲ್ಲಿ ನನಗೆ ಜಗಳ ಬೇಡವಾಗಿತ್ತು. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಮನೆ ಹೆಂಡತಿಗೆ ಬಿಟ್ಟುಕೊಟ್ಟೆ. ಸಾಲ ಅವರು ಕಟ್ಟುತ್ತಾರೆ ಅಂತ ಡಿಕ್ರಿಯಲ್ಲಿ ಚೆನ್ನಾಗಿಯೇ ಬರೆದಿತ್ತು. ಅವರು ಎರಡು ವರ್ಷ ತಪ್ಪದೆ ಕಟ್ಟಿದರು. ಆಮೇಲೆ ಅವರ ಕೆಲಸ ಹೋಯಿತು. ಮೂರು ಕಂತು ನಿಂತಿತು. ಫೋನು ಬಂದದ್ದು ನನಗೆ. ನನ್ನ ಹೆಸರಲ್ಲಿ ಮನೆ ಇಲ್ಲ, ಆದರೆ ಸಾಲ ಇತ್ತು. ಅದೇ ತಿಂಗಳು ಅಮ್ಮನ ಮಂಡಿ ಆಪರೇಷನ್‌ಗೆ ಸಾಲ ಕೇಳಿದ್ದೆ, ಸ್ಕೋರು ನೋಡಿ ಇಲ್ಲ ಅಂದರು. ನಾನು ಅವರನ್ನು ದೂರುವುದಿಲ್ಲ, ಕೆಲಸ ಯಾರಿಗೆ ಬೇಕಾದರೂ ಹೋಗಬಹುದು. ಆದರೆ ಬ್ಯಾಂಕಿಗೆ ಇಬ್ಬರೂ ಪೂರ್ತಿ ಸಾಲಕ್ಕೆ ಹೊಣೆ. ಅರ್ಧ ಅವರದು, ಅರ್ಧ ಇವರದು ಅಂತ ಲೆಕ್ಕ ಇಲ್ಲ. ಡಿಕ್ರಿ ಅದನ್ನು ಬದಲಾಯಿಸುವುದಿಲ್ಲ. ಬ್ಯಾಂಕಿನವರು ಹೇಳಿದ್ದೇ ಸರಿ.

ಮನೆಯ ಹಕ್ಕು ಒಂದು ಕಾಗದ, ಸಾಲ ಇನ್ನೊಂದು ಕಾಗದ. ಎರಡನ್ನೂ ಬೇರೆಬೇರೆಯಾಗಿಯೇ ಬಿಡಿಸಬೇಕು. ಅದೂ ಡಿಕ್ರಿಗೆ ಮುಂಚೆ. ಯಾಕೆ ಗೊತ್ತಾ? ಈಗ ನಿಮ್ಮಿಬ್ಬರಿಗೂ ಒಬ್ಬರ ಸಹಿ ಇನ್ನೊಬ್ಬರಿಗೆ ಬೇಕು. ಡಿಕ್ರಿ ಆದಮೇಲೆ ನಿಮ್ಮ ಗಂಡ ಬೇರೆ ಊರಿಗೆ ಹೋಗಬಹುದು, ಮತ್ತೆ ಮದುವೆ ಆಗಬಹುದು. ಆಗ ಬ್ಯಾಂಕಿಗೆ ಬನ್ನಿ ಅಂದರೆ ಯಾರು ಬರುತ್ತಾರೆ? ನಿಮ್ಮ ಗಂಡನಿಗೆ ಈ ಪೋಸ್ಟನ್ನೇ ತೋರಿಸಿ. ಸಾಲದಿಂದ ಹೆಸರು ಹೊರಗೆ ಬರುವುದು ನಿಮಗಿಂತ ಅವರಿಗೇ ಜಾಸ್ತಿ ಮುಖ್ಯ.

ಇನ್ನೊಂದು ವಿಷಯ. ಕುಟುಂಬದವರ ನಡುವಿನ ಹಕ್ಕು ಬಿಡುಗಡೆಗೆ ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ನಿಗದಿತ ಸಣ್ಣ ಮೊತ್ತ. ಹೊರಗಿನವರ ನಡುವೆ ಆದರೆ ಮನೆ ಬೆಲೆಯ ಮೇಲೆ, ಕ್ರಯದ ಹಾಗೆ. ಡಿಕ್ರಿ ಆದ ಮಾರನೇ ದಿನ ನೀವು ಗಂಡ-ಹೆಂಡತಿ ಅಲ್ಲ. ಆ ಮೇಲೆ ಪತ್ರ ಮಾಡಿಸಿದರೆ ಲಕ್ಷಗಟ್ಟಲೆ ಕಟ್ಟು ಅಂತ ಕೇಳಬಹುದು. ವಕೀಲರ ಹತ್ತಿರ ಇದನ್ನು ಒತ್ತಿ ಕೇಳಿ.

ಸಾಲದ ಮೇಜು:

ನಾನು ಬ್ಯಾಂಕಿನ ಗೃಹಸಾಲ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮೈಸೂರಿನವರು ಹೇಳಿದ್ದೆಲ್ಲ ನಿಜ. ಬ್ಯಾಂಕಿನ ಒಳಗೆ ಹೇಗೆ ನೋಡುತ್ತಾರೆ ಅಂತ ನಾನು ಹೇಳುತ್ತೇನಮ್ಮ.

"ಗಂಡನ ಹೆಸರು ತೆಗೆಯಿರಿ" ಅಂತ ಅರ್ಜಿ ಕೊಟ್ಟರೆ ಬ್ಯಾಂಕು ಅದನ್ನು ಹೆಸರು ತಿದ್ದುವ ಕೆಲಸ ಅಂತ ನೋಡುವುದಿಲ್ಲ. ಈ ಒಬ್ಬರಿಗೇ ಇಷ್ಟು ಸಾಲ ಹೊಸದಾಗಿ ಕೊಡಬಹುದಾ ಅಂತ ನೋಡುತ್ತದೆ. ನಿಮ್ಮ ಲೆಕ್ಕದಲ್ಲಿ 78 ಸಾವಿರಕ್ಕೆ 41,650 ಅಂದರೆ ಅರ್ಧ ದಾಟಿತು. ಅಲ್ಲೇ ಕಡತ ನಿಲ್ಲುತ್ತದೆ. ಕೌಂಟರಿನವರು ಆಗಲ್ಲ ಅಂದಿದ್ದರೆ ಇದೇ ಕಾರಣ ಇರಬೇಕು.

ಆದರೆ ಹಾದಿ ಇದೆ. ನಿಮಗೆ 38. ನಿವೃತ್ತಿ 58 ಅಂದರೂ 20 ವರ್ಷ ಸಿಗುತ್ತದೆ. 39 ಲಕ್ಷವನ್ನು ಮತ್ತೆ 20 ವರ್ಷಕ್ಕೆ ಹರಡಿದರೆ, ಶೇ. 8.5 ಬಡ್ಡಿಗೆ ಕಂತು ಸುಮಾರು 33,850ಕ್ಕೆ ಇಳಿಯುತ್ತದೆ. ಸಂಬಳದ ಅರ್ಧಕ್ಕಿಂತ ಚೆನ್ನಾಗಿಯೇ ಕಡಿಮೆ. ಬಡ್ಡಿ ಒಟ್ಟಿನಲ್ಲಿ ಜಾಸ್ತಿ ಆಗುತ್ತದೆ, ನಿಜ. ಆದರೆ ಬದಲಾಗುವ ಬಡ್ಡಿಯ ಗೃಹಸಾಲವನ್ನು ಮುಂಚೆಯೇ ಕಟ್ಟಿದರೆ ದಂಡ ಹಾಕುವಂತಿಲ್ಲ. ಬೋನಸ್ ಬಂದಾಗಲೆಲ್ಲ ಅಸಲಿಗೆ ಕಟ್ಟಿ. ನಿಮ್ಮ ಬ್ಯಾಂಕು ಒಪ್ಪದಿದ್ದರೆ ಸಾಲವನ್ನು ಇನ್ನೊಂದು ಬ್ಯಾಂಕಿಗೆ ವರ್ಗ ಮಾಡಿಸಿ. ಅಣ್ಣನೋ ತಮ್ಮನೋ ಜೊತೆ ಸಾಲಗಾರರಾಗಿ ಬಂದರೆ ಇನ್ನೂ ಸುಲಭ.

ಕ್ರಮ ಹೀಗಿರಲಿ. ಮೊದಲು ನಿಮ್ಮೊಬ್ಬರ ಹೆಸರಿಗೆ ಸಾಲ ಮಂಜೂರಾದ ಪತ್ರ, ಜೊತೆಗೆ ಹಕ್ಕು ಬಿಡುಗಡೆಗೆ ಬ್ಯಾಂಕಿನ ಒಪ್ಪಿಗೆ ಪತ್ರ. ಅಸಲು ಕ್ರಯಪತ್ರ ಅವರ ಹತ್ತಿರ ಅಡವಿದೆ, ಅವರಿಗೆ ಹೇಳದೆ ಹಕ್ಕು ಬದಲಾಯಿಸುವ ಹಾಗಿಲ್ಲ. ಆಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಬಿಡುಗಡೆ ಪತ್ರ. ಆಮೇಲೆ ಹೊಸ ಸಾಲದ ಕರಾರು. ಕೊನೆಗೆ ನಿಮ್ಮ ಗಂಡ ಹೊಣೆಯಿಂದ ಬಿಡುಗಡೆ ಅಂತ ಬ್ಯಾಂಕಿನ ಪತ್ರ. ಅದು ಅವರ ಕೈಗೆ ಹೋಗಬೇಕು.

ಮಂಜೂರಾತಿ ಆಗುವ ತನಕ ಚಿನ್ನದ ಸಾಲ, ಪರ್ಸನಲ್ ಲೋನ್ ಯಾವುದನ್ನೂ ಮಾಡಬೇಡಿ. 7 ಲಕ್ಷಕ್ಕೆ ಅದೇ ಯೋಚನೆ ಇರಬಹುದು ಅಂತ ಹೇಳುತ್ತಿದ್ದೇನೆ. ಸಿಬಿಲ್‌ನಲ್ಲಿ ಕಂಡರೆ ಆ ಕಂತನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಮತ್ತೆ ಕಂತು ಇವತ್ತೇ ನಿಮ್ಮ ಖಾತೆಯಿಂದ ಹೋಗುವ ಹಾಗೆ ಮಾಡಿಸಿ, ಕಟ್ಟಿದವರು ನೀವು ಅನ್ನುವುದಕ್ಕೆ ದಾಖಲೆ ಆಗುತ್ತದೆ.

ಮಲೆನಾಡ ಮಗಳು:

ಮೂರು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಮೂವರಿಗೂ ಕೈ ಮುಗಿಯುತ್ತೇನೆ.

ದಾರಿಹೋಕ ಅವರು ಬರೆದದ್ದನ್ನು ಅವತ್ತು ರಾತ್ರಿಯೇ ಗಂಡನಿಗೆ ಕಳಿಸಿದೆ. ಒಂದು ದಿನ ಉತ್ತರ ಬರಲಿಲ್ಲ. ಮಾರನೇ ದಿನ "ಬ್ಯಾಂಕಿಗೆ ಯಾವಾಗ ಬರಲಿ?" ಅಂತ ಬಂತು. ಅಷ್ಟೇ ಸಾಕಾಗಿತ್ತು ನನಗೆ.

ಕಂತು ನನ್ನ ಖಾತೆಗೆ ಬದಲಾಯಿತು. ನಮ್ಮ ಬ್ಯಾಂಕೇ ಕೊನೆಗೆ ಒಪ್ಪಿತು, 20 ವರ್ಷಕ್ಕೆ. ಅವಧಿಯ ಮಾತನ್ನು ನಾನು ಎತ್ತುವ ತನಕ ಅಲ್ಲಿ ಯಾರೂ ಅದನ್ನು ಹೇಳಿರಲಿಲ್ಲ! 7 ಲಕ್ಷಕ್ಕೆ ಚಿನ್ನ ಅಡವಿಡುವ ಯೋಚನೆಯೇ ಇತ್ತು ಸರ್. ನೀವು ಹೇಳಿದ ಮೇಲೆ ಅಡವಿಡಲಿಲ್ಲ, ಅವಲಕ್ಕಿ ಸರ ಮತ್ತು ನಾಲ್ಕು ಬಳೆ ಮಾರಿದೆ. ಕಡಿಮೆ ಬಿದ್ದದ್ದನ್ನು ತಮ್ಮ ಕೊಟ್ಟ. ಸರ ಕೊಟ್ಟು ಅಂಗಡಿಯಿಂದ ಹೊರಗೆ ಬರುವಾಗ ಅಮ್ಮನ ನೆನಪಾಗಿ ಅತ್ತೆ. ಅಮ್ಮ ಇದ್ದಿದ್ದರೆ ಅವಳೇ ಮಾರು ಅನ್ನುತ್ತಿದ್ದಳು.

4 ಲಕ್ಷದ ಡಿಡಿಯನ್ನು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ, ಅವರು ಹೆಬ್ಬೆಟ್ಟು ಕೊಟ್ಟು ಫೋಟೋ ತೆಗೆಸಿದ ಮೇಲೆ ಕೈಗೆ ಕೊಟ್ಟೆ. ಉಳಿದ 3 ಲಕ್ಷ ಕೋರ್ಟಿನಲ್ಲಿ, ನ್ಯಾಯಾಧೀಶರ ಮುಂದೆ. ಹೀಗೆ ಎರಡು ಭಾಗ ಮಾಡಿದ್ದಕ್ಕೆ ಇಬ್ಬರಿಗೂ ಭಯ ಇರಲಿಲ್ಲ. ಬಿಡುಗಡೆ ಪತ್ರ ಆಗಿದೆ ಅಂತ ಕೋರ್ಟಿಗೆ ಮೆಮೋ ಕೊಟ್ಟೆವು, ಡಿಕ್ರಿಯಲ್ಲೂ ಅದು ಬಂತು. ಬ್ಯಾಂಕಿನ ಪತ್ರ ಅವರ ಕೈ ಸೇರಿದೆ. ಹೋದ ವಾರ ಅವರ ಸಿಬಿಲ್ ರಿಪೋರ್ಟಿನಲ್ಲಿ ಈ ಸಾಲ ಮುಗಿದಿದೆ ಅಂತ ತೋರಿಸಿತಂತೆ, ಫೋನ್ ಮಾಡಿ ಹೇಳಿದರು. ಪುಟ್ಟಿಯ ಅಮ್ಮ, ಇನ್ಶೂರೆನ್ಸ್ ನಮ್ಮದೂ ಅವರೊಬ್ಬರ ಮೇಲೇ ಇತ್ತು. ನನ್ನ ಹೆಸರಿಗೆ ಬೇರೆ ಟರ್ಮ್ ಪಾಲಿಸಿ ಮಾಡಿಸಿದೆ, ನಾಮಿನಿ ಮಗಳು.

ಇ-ಖಾತಾದಲ್ಲಿ ಹೆಸರು ಬದಲಾಯಿಸಲು ಅರ್ಜಿ ಹಾಕಿದ್ದೇನೆ. ಬೆಸ್ಕಾಂ ಮೀಟರ್ ಇನ್ನೂ ಅವರ ಹೆಸರಲ್ಲೇ ಇದೆ. ಅದಕ್ಕೆ ಬಿಡುಗಡೆ ಪತ್ರದ ಪ್ರತಿ ಸಾಕಾ, ಖಾತಾ ಬರುವ ತನಕ ಕಾಯಬೇಕಾ? ಮಾಡಿಸಿದವರು ಇದ್ದರೆ ತಿಳಿಸಿ.