ವೀಲ್ ಬೇರಿಂಗಿನ ಹೊರ ರೇಸ್ (ಹೊರಗಿನ ಉಕ್ಕಿನ ಬಳೆ) ಬರ್ತಿಲ್ಲ, ಸಹಾಯ ಬೇಕು

ಹಳೇ ಸಣ್ಣ ಕಾರು, ಎಬಿಎಸ್ ಇಲ್ಲ. ಸ್ಪೀಡ್ ಏರಿದಂತೆ ಮುಂದಿನಿಂದ ಗುಂಯ್ ಅನ್ನೋ ಸದ್ದು, ಎಡಕ್ಕೆ ತಿರುಗಿಸಿದರೆ ಇನ್ನೂ ಜೋರು, ಅಂದ್ರೆ ಬಲಗಡೆ ಬೇರಿಂಗೇ ಹೋಗಿದೆ ಅಲ್ವಾ. ಜಾಕ್ ಹಾಕಿ ಅಲ್ಲಾಡಿಸಿದಾಗ ಚಕ್ರದಲ್ಲಿ ಪ್ಲೇ (ಸಡಿಲ) ಕೂಡ ಇತ್ತು.

ನಕಲ್ (ಬೇರಿಂಗ್ ಕೂರೋ ಸ್ಟಿಯರಿಂಗ್ ಭಾಗ) ಬಿಚ್ಚಿ ಹಬ್ (ಚಕ್ರ ಕೂರೋ ಭಾಗ) ಹೊರಗೆ ತೆಗೆದಿದ್ದೇನೆ. ಒಳ ರೇಸ್ ಒಂದು ಹಬ್ ಮೇಲೇ ಉಳಿದಿತ್ತು, ಅದನ್ನು ಪುಲ್ಲರ್ ಹಾಕಿ ಎಳೆದೆ. ಅದು ಕೂತಿದ್ದ ಜಾಗದಲ್ಲಿ ಉಗುರಿಗೆ ತಾಗುವಷ್ಟು ಗೀರು ಬಿದ್ದಿದೆ. ಬೇರಿಂಗ್ ಹಿಡಿದಿಡೋ ಸರ್ಕ್ಲಿಪ್ಪೂ ಬಂತು. ಆದರೆ ಹೊರ ರೇಸ್ ತುಕ್ಕು ಹಿಡಿದು ನಕಲ್ ಒಳಗೇ ಕೂತಿದೆ, ತುಕ್ಕು ಬಿಡಿಸೋ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ದೊಡ್ಡ ಸಾಕೆಟ್ ಇಟ್ಟು ಹೊಡೆದರೂ ಒಂದು ಚೂರೂ ಕದಲ್ತಿಲ್ಲ. ಒತ್ತಿ ತೆಗೆಯೋ ಪ್ರೆಸ್ ನನ್ನ ಹತ್ತಿರ ಇಲ್ಲ.

ಮಾಡಿ ಗೊತ್ತಿರೋರು ಹೇಳಿ: ನಕಲ್ ಬಿಸಿ ಮಾಡಬೇಕಾ, ಇಲ್ಲ ರೇಸ್ ಒಳಗೆ ಸುತ್ತಲೂ ವೆಲ್ಡಿಂಗ್ ಎಳೆದು ಅದು ಕುಗ್ಗೋ ಹಾಗೆ ಮಾಡಬೇಕಾ? ಈ ಗೀರಿನ ಹಬ್ ಮೇಲೆ ಹೊಸ ಬೇರಿಂಗ್ ಕೂರಿಸಬಹುದಾ, ಹಬ್ಬನ್ನೂ ಬದಲಾಯಿಸಲೇಬೇಕಾ?